ಡಯಲ್ ತಿರುಗಿಸುವ ಫೋನಿಗೆ ಫೈಬರ್ ಲೈನ್

ಹಾಸನದ ನನ್ನ ರಿಪೇರಿ ಅಂಗಡಿಗೆ ಈಗ ಬರುವುದೆಲ್ಲ ಮಿಕ್ಸಿ, ಇನ್ವರ್ಟರ್, ಎಲ್‌ಇಡಿ ಟಿ.ವಿ. ಆದರೆ ಆಗಾಗ ಸಕಲೇಶಪುರ, ಮೂಡಿಗೆರೆ ಕಡೆಯ ಹೋಂಸ್ಟೇಯವರು ಹಳೇ ಪಂಚೆಯಲ್ಲಿ ಸುತ್ತಿಕೊಂಡು ಕಪ್ಪು ಡಯಲ್ ಫೋನ್ ತರುತ್ತಾರೆ. ‘ಇದು ಸತ್ತು ಹೋಗಿದೆ, ಒಳಗಿರೋದನ್ನೆಲ್ಲ ಕಿತ್ತು ಬ್ಲೂಟೂತ್ ಸ್ಪೀಕರ್ ಕೂರಿಸಿಕೊಡಿ’ ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಬೆಂಗಳೂರಿನ ದೂರವಾಣಿನಗರದಲ್ಲಿ ಫೋನ್ ತಯಾರಿಸುವ ಐಟಿಐ (ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್) ಕಾರ್ಖಾನೆ ಶುರುವಾದದ್ದು 1948ರಲ್ಲಿ. ಅಲ್ಲಿ ತಯಾರಾದ ಗಟ್ಟಿ ಪೆಟ್ಟಿಗೆಗಳು ಅಷ್ಟು ಸುಲಭಕ್ಕೆ ಸಾಯುವುದಿಲ್ಲ. ಬದಲಾಗಿರುವುದು ಗೋಡೆಯ ಕಡೆಯ ಲೈನು, ಫೋನಲ್ಲ.

ಆ ಡಯಲ್ ಮಾಡುವ ಕೆಲಸ ಬಹಳ ಸರಳ. ರಿಸೀವರ್ ಎತ್ತಿದರೆ ಲೈನಿನಲ್ಲಿ ಕರೆಂಟ್ ಹರಿಯುತ್ತದೆ. ಡಯಲ್ ತಿರುಗಿಸಿ ಬಿಟ್ಟಾಗ ಅದು ವಾಪಸು ಬರುತ್ತಾ ಆ ಕರೆಂಟನ್ನು ಕತ್ತರಿಸಿ ಕತ್ತರಿಸಿ ಬಿಡುತ್ತದೆ. 1ಕ್ಕೆ ಒಂದು ಸಲ, 5ಕ್ಕೆ ಐದು ಸಲ, 0ಗೆ ಹತ್ತು ಸಲ; ಸೆಕೆಂಡಿಗೆ ಸುಮಾರು ಹತ್ತರ ಲೆಕ್ಕದಲ್ಲಿ. ಇದನ್ನೇ ಪಲ್ಸ್ ಅನ್ನುವುದು. ಹಾಸನದ 08172 ತಿರುಗಿಸಿದರೆ ಒಟ್ಟು 28 ಪಲ್ಸ್. ಚಿಕ್ಕಮಗಳೂರಿನ 08262 ಕೂಡಿಸಿ ನೋಡಿ, ಅದೂ 28! ಗುಂಡಿ ಒತ್ತುವ ಫೋನು ಹೀಗೆ ಕತ್ತರಿಸುವುದಿಲ್ಲ, ಪ್ರತಿ ಅಂಕಿಗೂ ಎರಡು ಸ್ವರ ಕೂಡಿಸಿ ಕಳಿಸುತ್ತದೆ. ಮನೆಗೆ ಬಂದಿರುವ ಫೈಬರ್ ಮೋಡೆಮ್‌ನ ಫೋನ್ ಪೋರ್ಟ್‌ಗಳಲ್ಲಿ ಎಷ್ಟೋ ಆ ಸ್ವರವನ್ನು ಮಾತ್ರ ಬಲ್ಲವು. ಹಾಗಾಗಿ ಫೋನ್ ಬಂದರೆ ಗಂಟೆ ಹೊಡೆಯುತ್ತದೆ, ಮಾತೂ ಆಗುತ್ತದೆ, ಇಲ್ಲಿಂದ ಮಾಡಲು ಹೋದರೆ ಮಾತ್ರ ಏನೂ ಇಲ್ಲ.

ಮೊದಲು ಪರೀಕ್ಷೆ ಮಾಡಿ. ಹಳೇ ಫೋನಿಗೆ ಪಿನ್ ಇರುವುದಿಲ್ಲ, ವೈರು ನೇರವಾಗಿ ಗೋಡೆಯ ಚಿಕ್ಕ ಡಬ್ಬಿಗೆ ಹೋಗುತ್ತಿತ್ತು. ಒಂದು ಆರ್‌ಜೆ 11 ವೈರು, ಅಂದರೆ ಮೋಡೆಮ್‌ನ ಫೋನ್ ಪೋರ್ಟ್‌ಗೆ ಕೂರುವ ಪಿನ್ ಇರುವ ವೈರು ತಂದು ಒಂದು ತುದಿ ಕತ್ತರಿಸಿ. ಮಧ್ಯದ ಎರಡು ಎಳೆ ಸಾಕು, ಅಂಚಿನವು ಇದ್ದರೆ ಮಡಚಿ ಟೇಪ್ ಸುತ್ತಿ. ಆ ಎರಡನ್ನು ಹಳೇ ಡಬ್ಬಿಯಲ್ಲಿ ಫೋನಿನ ವೈರು ಕೂತಿರುವ ಸ್ಕ್ರೂಗಳಿಗೇ ಕಟ್ಟಿದರೆ ಫೋನ್ ಬಿಚ್ಚುವ ತಾಪತ್ರಯವೇ ಇಲ್ಲ. ಯಾವ ಎಳೆ ಯಾವ ಸ್ಕ್ರೂಗೆ ಅಂತ ತಲೆ ಕೆಡಿಸಿಕೊಳ್ಳಬೇಡಿ, ಹೇಗಾದರೂ ನಡೆಯುತ್ತದೆ. ಆದರೆ ಕೈಹಾಕುವ ಮುಂಚೆ ಮೋಡೆಮ್ ಕಡೆಯ ಪಿನ್ ತೆಗೆದಿರಬೇಕು. ಗಂಟೆ ಹೊಡೆಯುವ ಹೊತ್ತಿಗೆ ಆ ವೈರಿನಲ್ಲಿ 70–80 ವೋಲ್ಟ್ ಎ.ಸಿ. ಇರಬಹುದು, ಚೆನ್ನಾಗಿಯೇ ಜುಂ ಅನ್ನಿಸುತ್ತದೆ.

ಈಗ ಪಿನ್ನನ್ನು ಮೋಡೆಮ್‌ಗೆ ಹಾಕಿ ರಿಸೀವರ್ ಎತ್ತಿ. ಡಯಲ್ ಟೋನ್ ಕೇಳಿಸಿತೇ? 5 ತಿರುಗಿಸಿ. ಟೋನ್ ನಿಂತರೆ ನಿಮ್ಮ ಪೋರ್ಟ್‌ಗೆ ಪಲ್ಸ್ ಅರ್ಥವಾಗುತ್ತದೆ, ಅದೃಷ್ಟವಂತರು. ನಿಲ್ಲದಿದ್ದರೆ ತಪ್ಪು ಡಯಲ್‌ನದೋ ಪೋರ್ಟ್‌ನದೋ ಅಂತ ಗೊತ್ತಾಗಬೇಕಲ್ಲ? ರಿಸೀವರ್ ಇಡುವ ಗುಂಡಿಯನ್ನು ಪಟಪಟನೆ ಐದು ಸಲ ತಟ್ಟಿ. ಅದೂ ಪಲ್ಸೇ. ಹಿಂದೆ ಅಪ್ಪಂದಿರು ಬಿಲ್ಲಿಗೆ ಹೆದರಿ ಡಯಲ್‌ಗೆ ಪುಟ್ಟ ಬೀಗ ಹಾಕಿದರೆ ಮಕ್ಕಳು ಹೀಗೇ ತಟ್ಟಿ ಫೋನ್ ಮಾಡುತ್ತಿದ್ದರು. ತಟ್ಟಿದಾಗ ಟೋನ್ ನಿಂತು, ತಿರುಗಿಸಿದಾಗ ನಿಲ್ಲದಿದ್ದರೆ ಡಯಲ್ ಕೊಳೆಯಾಗಿದೆ. ಎರಡಕ್ಕೂ ನಿಲ್ಲದಿದ್ದರೆ ಪೋರ್ಟ್‌ಗೆ ಪಲ್ಸ್ ಅರ್ಥವಾಗುವುದಿಲ್ಲ.

ಪೋರ್ಟ್‌ಗೆ ಪಲ್ಸ್ ಅರ್ಥವಾಗದಿದ್ದರೆ ನಡುವೆ ಒಬ್ಬ ದುಭಾಷಿ ಬೇಕು. ಪಲ್ಸನ್ನು ಸ್ವರವಾಗಿ ಬದಲಿಸುವ ಕನ್ವರ್ಟರ್‌ಗಳಿವೆ: ರೋಟಾಟೋನ್ ಅನ್ನುವುದು ಫೋನಿನ ಒಳಗೆ ಕೂರುತ್ತದೆ, ಡಯಲ್‌ಗಿಜ್ಮೋ ಹೊರಗೆ ವೈರಿನಲ್ಲಿ. ಎರಡೂ ಹೊರದೇಶದಿಂದ ತರಿಸಬೇಕು. ಇಂಟರ್‌ನೆಟ್ ಮೂಲಕ ಮಾತಾಡುವ ಸಿಪ್ ಖಾತೆ ಇದ್ದವರು ಗ್ರ್ಯಾಂಡ್‌ಸ್ಟ್ರೀಮ್ ಎಚ್‌ಟಿ 801 ಥರದ ಪುಟ್ಟ ಅಡಾಪ್ಟರ್ ಹಾಕಿಕೊಂಡು, ಅದರ ಸೆಟ್ಟಿಂಗ್‌ನಲ್ಲಿ ಪಲ್ಸ್ ಡಯಲಿಂಗ್ ಆನ್ ಮಾಡಿದರೆ ಸಾಕು. ಮೊಬೈಲನ್ನೇ ಜೋಡಿಸುವ ಬ್ಲೂಟೂತ್ ಗೇಟ್‌ವೇ ಕೂಡ ಇದೆ. ಆದರೆ ನಮ್ಮ ತೋಟದ ಮನೆಗಳಲ್ಲಿ ಟವರ್ ಸಿಗ್ನಲ್ ಎಲ್ಲಿದೆ? ವೈಫೈ ಕಾಲಿಂಗ್ ನಡೆಯುವ ಮೊಬೈಲ್ ಇದ್ದರೆ ಮಾತ್ರ ಅದರ ಮಾತು. ಹೋಂಸ್ಟೇಯವರಿಗೆ ನಾನು ಹೇಳುವುದು ಬೇರೆಯೇ: ಲಾಡ್ಜ್‌ನವರು ಮಾರಿದ ಹಳೇ ಇಪಿಎಬಿಎಕ್ಸ್ ಹುಡುಕಿ, ಅಂದರೆ ರೂಮುಗಳ ಫೋನುಗಳನ್ನು ಜೋಡಿಸುವ ಪುಟ್ಟ ಎಕ್ಸ್‌ಚೇಂಜ್. ಅವುಗಳಲ್ಲಿ ಎಷ್ಟೋ ಪಲ್ಸ್ ತೆಗೆದುಕೊಂಡು ಹೊರಗಿನ ಲೈನಿಗೆ ಸ್ವರ ಕೊಡುತ್ತವೆ. ಜೊತೆಗೆ ರೂಮಿನಿಂದ ಅಡುಗೆಮನೆಗೆ ‘ಇನ್ನೆರಡು ಅಕ್ಕಿರೊಟ್ಟಿ’ ಅನ್ನಲು ಇಂಟರ್‌ಕಾಮೂ ಆಯಿತು. ಕೊಳ್ಳುವ ಮುಂಚೆ ನಿಮ್ಮ ಫೋನನ್ನೇ ಒಯ್ದು ಜೋಡಿಸಿ ನೋಡಿ.

ಡಯಲ್ ವಿಷಯಕ್ಕೆ ಬರೋಣ. ಮಲೆನಾಡಿನ ಮಳೆಗಾಲ ಏನನ್ನೂ ಬಿಡುವುದಿಲ್ಲ, ಬೂಷ್ಟು, ತುಕ್ಕು ಎರಡೂ ಹಿಡಿದಿರುತ್ತದೆ. 0 ತಿರುಗಿಸಿ ಬಿಟ್ಟರೆ ಒಂದು ಸೆಕೆಂಡಿಗಿಂತ ಚೂರು ಹೆಚ್ಚು ಹೊತ್ತಿನಲ್ಲಿ, ಒಂದೇ ಸಮನೆ ಕಿರ್‍ರ್ ಅಂತ ವಾಪಸು ಬರಬೇಕು. ತಡವರಿಸಿದರೆ ಹಿಂದಿರುವ, ವೇಗ ಹಿಡಿತದಲ್ಲಿಡುವ ಗವರ್ನರ್ ಮತ್ತು ಹಲ್ಲುಚಕ್ರದ ಹಳೇ ಜಿಡ್ಡು ಒರೆಸಿ, ಗಡಿಯಾರದ ಎಣ್ಣೆಯನ್ನು ಸೂಜಿ ಮೊನೆಯಲ್ಲಿ ಮುಟ್ಟಿಸಿ. ಕೊಬ್ಬರಿ ಎಣ್ಣೆ ಹಾಕಿ ತಂದವರನ್ನೂ ಕಂಡಿದ್ದೇನೆ. ಚಳಿಗಾಲಕ್ಕೆ ಅದು ಗಟ್ಟಿಯಾಗಿ ಡಯಲ್ ಅರ್ಧಕ್ಕೆ ನಿಂತುಬಿಡುತ್ತದೆ. ಪಲ್ಸ್ ಕಾಂಟ್ಯಾಕ್ಟ್‌ಗಳ ನಡುವೆ ಬಿಳಿ ಕಾಗದದ ಪಟ್ಟಿ ತೂರಿಸಿ ಮೆಲ್ಲಗೆ ಎಳೆದರೆ ಕಪ್ಪು ಬರುತ್ತದೆ. ಕಾಗದ ಬೆಳ್ಳಗೆ ಬರುವವರೆಗೆ ಎಳೆಯಿರಿ. ಉಪ್ಪುಕಾಗದ ಬೇಡವೇ ಬೇಡ, ಎಣ್ಣೆಯೂ ಅಲ್ಲಿಗೆ ತಾಗಬಾರದು.

ನಿಮ್ಮ ಮಾತು ಆಚೆಯವರಿಗೆ ಪಾತಾಳದಿಂದ ಬಂದಂತೆ ಕೇಳುತ್ತದೆಯೇ? ಮೈಕಿನಲ್ಲಿರುವುದು ಕಾರ್ಬನ್ ಹರಳು, ತೇವಕ್ಕೆ ಅಂಟಿಕೊಂಡಿರುತ್ತವೆ. ಮುಚ್ಚಳ ಬಿಚ್ಚಿ ಮೈಕನ್ನು ಅಂಗೈಗೆ ಮೆಲ್ಲಗೆ ತಟ್ಟಿ, ಕೆಲವು ದಿನ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಬಿಗಿ ಡಬ್ಬಿಯಲ್ಲಿಡಿ. ಗಂಟೆ ಕುಂಟಿದರೆ ಬಟ್ಟಲುಗಳ ಸ್ಕ್ರೂ ಸಡಿಲಿಸಿ ಬಟ್ಟಲನ್ನು ಚೂರು ತಿರುಗಿಸಿ. ತೂತು ನಡುವಿಗಿಲ್ಲದ ಬಟ್ಟಲಾದರೆ ಸುತ್ತಿಗೆಗೂ ಅದಕ್ಕೂ ಇರುವ ಅಂತರ ಬದಲಾಗುತ್ತದೆ. ಅಡಾಪ್ಟರ್‌ನಲ್ಲಿ ಗಂಟೆಯ ಫ್ರೀಕ್ವೆನ್ಸಿ 20 ಇದ್ದರೆ 25 ಹರ್ಟ್ಸ್ ಮಾಡಿ ನೋಡಿ. ಆಗಲೂ ಆಗದಿದ್ದರೆ ಗಂಟೆಯ ಸಾಲಿನಲ್ಲಿರುವ ಕೆಪಾಸಿಟರ್ ಬದಲಿಸಬೇಕು. ಫೋನಿನ ಹೊರಮೈ ಒರೆಸಲು ಸೋಪಿನ ನೀರಲ್ಲಿ ಹಿಂಡಿದ ಬಟ್ಟೆ ಸಾಕು.

ಫೋನ್ ಮಾಡುವಾಗ ಒಂದು ನೆನಪಿರಲಿ: 2021ರ ಜನವರಿ 15ರಿಂದ ಲ್ಯಾಂಡ್‌ಲೈನಿನಿಂದ ಮೊಬೈಲ್‌ಗೆ ಮಾಡಲು ಮುಂದೆ 0 ಸೇರಿಸಬೇಕು. ಅಂದರೆ ಹನ್ನೊಂದು ಅಂಕಿ, ಅದರಲ್ಲೂ ಒಂಬತ್ತುಗಳೇ ತುಂಬಿದ್ದರೆ ಬೆರಳಿಗೆ ಒಳ್ಳೇ ವ್ಯಾಯಾಮ. ಕೆಲವು ಅಡಾಪ್ಟರ್‌ಗಳು ಅಷ್ಟು ಹೊತ್ತು ಕಾಯದೆ ಅರ್ಧ ನಂಬರಿಗೇ ಫೋನ್ ಮಾಡಿಬಿಡುತ್ತವೆ. ಅಂಕಿಗಳ ನಡುವೆ ಕಾಯುವ ಸಮಯವನ್ನು ಸೆಟ್ಟಿಂಗ್‌ನಲ್ಲಿ ಹೆಚ್ಚಿಸಿ. ‘ಕನ್ನಡಕ್ಕಾಗಿ 1 ಒತ್ತಿ’ ಅನ್ನುವ ಬ್ಯಾಂಕಿನವರಿಗೆ ಬರೀ ಡಯಲ್‌ನಿಂದ ಉತ್ತರ ಕೊಡಲಾಗದು, ಸ್ವರ ಕಳಿಸುವ ಕನ್ವರ್ಟರ್ ಬೇಕು.

ತಾಮ್ರದ ಲೈನಿನ ಕಾಲದಲ್ಲಿ ಎಕ್ಸ್‌ಚೇಂಜಿನ 48 ವೋಲ್ಟ್ ಬ್ಯಾಟರಿಯೇ ಫೋನಿಗೆ ಅನ್ನ ಹಾಕುತ್ತಿತ್ತು, ಕರೆಂಟು ಹೋದರೂ ಫೋನ್ ಬದುಕಿರುತ್ತಿತ್ತು. ಈಗ ಮೋಡೆಮ್ ಆರಿದರೆ ಫೋನೂ ಆರಿತು. ಆಷಾಢದ ಗಾಳಿಗೆ ದಿನಗಟ್ಟಲೆ ಕರೆಂಟ್ ಇಲ್ಲದ ಕಡೆ ಮೋಡೆಮ್, ಅಡಾಪ್ಟರ್ ಎರಡನ್ನೂ ಇನ್ವರ್ಟರ್ ಲೈನಿಗೆ ಕೊಡಿ. ಹೂಮಳೆಯ ಗುಡುಗು ಶುರುವಾದರೆ ಅವುಗಳ ಪ್ಲಗ್ ಕಿತ್ತಿಡಿ. ಫೈಬರಿನಲ್ಲಿ ಸಿಡಿಲು ಬರದು, ಕರೆಂಟಿನ ವೈರಿನಲ್ಲಿ ಬಂದೇ ಬರುತ್ತದೆ.

ಫೋನ್ ಇನ್ನೂ ಕೊಂಡಿಲ್ಲದವರು ಗುಜರಿ ಅಂಗಡಿಯಲ್ಲೇ ಡಯಲ್ ತೂತಿಗೆ ಬೆರಳು ಹಾಕಿ ತಿರುಗಿಸಿ ನೋಡಿ. ‘ಆ್ಯಂಟಿಕ್’ ಅಂತ ಮಾರುವ ಹೊಸ ಹಿತ್ತಾಳೆ ಬಣ್ಣದವುಗಳಲ್ಲಿ ಕೆಲವು ತಿರುಗುವುದೇ ಇಲ್ಲ, ತೂತಿನೊಳಗೆ ಒತ್ತುವ ಗುಂಡಿ ಇರುತ್ತದೆ. ಅವು ಫೈಬರ್‌ಗೆ ನೇರವಾಗಿ ಹೊಂದುತ್ತವೆ, ನನ್ನ ಅಂಗಡಿಗೆ ಬರುವ ಕೆಲಸವಿಲ್ಲ.