ಸವೆದ ಕ್ಲಚ್ ಬದಲಿಸಿದ ನನ್ನ ಅನುಭವ

ಕಲಬುರಗಿಯಿಂದ ಹುಮನಾಬಾದಿಗೆ ಹೋಗುವಾಗ, ಏರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಸದ್ದು ಏರುತ್ತಿತ್ತೇ ಹೊರತು ನನ್ನ ಹಳೆಯ ಕಾರಿನ ವೇಗ ಏರುತ್ತಿರಲಿಲ್ಲ. ಸುಟ್ಟ ವಾಸನೆಯೂ ಬರುತ್ತಿತ್ತು. ಕ್ಲಚ್ ಕೇಬಲ್ ಸಡಿಲಿಸಿ ನೋಡಿದರೂ ಪ್ರಯೋಜನವಾಗಲಿಲ್ಲ. ಹ್ಯಾಂಡ್‌ಬ್ರೇಕ್ ಎಳೆದು, 4ನೇ ಗೇರಿನಲ್ಲಿ ಕ್ಲಚ್ ನಿಧಾನವಾಗಿ ಬಿಟ್ಟಾಗಲೂ ಎಂಜಿನ್ ನಿಲ್ಲದಿದ್ದುದರಿಂದ ಕ್ಲಚ್ ಜಾರುತ್ತಿರುವುದು, ಅಂದರೆ ಎಂಜಿನ್ನಿನ ಶಕ್ತಿಯನ್ನು ಗೇರ್‌ಬಾಕ್ಸಿಗೆ ಪೂರ್ತಿಯಾಗಿ ದಾಟಿಸದಿರುವುದು ಖಚಿತವಾಯಿತು.

ಪರಿಚಯದ ಮಿಸ್ತ್ರಿಯವರೊಂದಿಗೆ ಗೇರ್‌ಬಾಕ್ಸ್ ಇಳಿಸಿ ನೋಡಿದರೆ, ಕ್ಲಚ್ ಡಿಸ್ಕ್ ರಿವೆಟ್ ತಲೆಗಳವರೆಗೆ ಸವೆದಿತ್ತು. ಅದನ್ನು ಒತ್ತಿ ಹಿಡಿಯುವ ಪ್ರೆಷರ್ ಪ್ಲೇಟಿನ ಮೇಲೆ ಕಾವಿನ ನೀಲಿ ಕಲೆಗಳಿದ್ದವು. ಇಳಿಸುವ ಶ್ರಮವೇ ದೊಡ್ಡದಾದ್ದರಿಂದ ಇವೆರಡರ ಜೊತೆಗೆ ಪೆಡಲ್ ಒತ್ತಿದಾಗ ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗನ್ನೂ, ಜಿನುಗುತ್ತಿದ್ದ, ಎಂಜಿನ್ನಿನ ತಿರುಗುವ ಮುಖ್ಯ ದಂಡವಾದ ಕ್ರ್ಯಾಂಕ್‌ನ ಹಿಂಬದಿಯ ಆಯಿಲ್ ಸೀಲನ್ನೂ ಬದಲಿಸಿದೆವು. ಸೀಲನ್ನು ಹಾಗೆಯೇ ಬಿಟ್ಟಿದ್ದರೆ ಹೊಸ ಡಿಸ್ಕಿಗೂ ಎಣ್ಣೆ ತಾಗುತ್ತಿತ್ತು. ಡಿಸ್ಕನ್ನು ಸೆಂಟರಿಂಗ್ ಟೂಲಿನಿಂದ ಸರಿಯಾಗಿ ನಡುವಿಗೆ ಕೂರಿಸಿ, ಪ್ರೆಷರ್ ಪ್ಲೇಟಿನ ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿದೆವು. ಈಗ ಅದೇ ಏರನ್ನು ಕಾರು ಸಲೀಸಾಗಿ ಹತ್ತುತ್ತಿದೆ.