ರಾಷ್ಟ್ರಗೀತೆಯೊಳಗಿನ ಹಳೆಯ ಮಟ್ಟನ್ನು ಕಿವಿಯಲ್ಲೇ ಹಿಡಿಯುವುದು ಹೇಗೆ?

ಉಡುಪಿಯಲ್ಲಿ ನನ್ನ ಹತ್ತಿರ ಹಾರ್ಮೋನಿಯಂ ಕಲಿಯುವ ಮಕ್ಕಳಿಗೆ ಬಾಂಗ್ಲಾದೇಶದ ರಾಷ್ಟ್ರಗೀತೆ ‘ಆಮಾರ್ ಶೋನಾರ್ ಬಾಂಗ್ಲಾ’ವನ್ನು ನಾನು ನೇರವಾಗಿ ಹಾಕುವುದಿಲ್ಲ. ಮೊದಲು ಗಗನ್ ಹರ್ಕರಾ ಅವರ ಪದ. ನೀವೂ ಈ ಕ್ರಮದಲ್ಲೇ ಹೋಗಿ.

ಗಗನ್ ಅವರು ಶಿಲೈದಹ ಎಂಬ ಊರಿನ ಅಂಚೆಯವರು. ಕಾಗದ ಹಂಚುವ ಕೆಲಸ, ಬಾವುಲ್ ಪದ, ಅಂದರೆ ಬಂಗಾಳದ ಅಲೆಮಾರಿ ಸಾಧಕರ ಹಾಡು, ಹಾಡುವ ಹುಚ್ಚು. ಅಲ್ಲೇ ಟಾಗೋರ್ ಮನೆತನದ ಜಮೀನ್ದಾರಿಯೂ ಇತ್ತು. ‘ನನ್ನ ಮನದೊಳಗಿನ ಮನುಷ್ಯ ಎಲ್ಲಿ ಸಿಕ್ಕಾನು’ ಎಂದು ಹುಡುಕುವ ಅವರ ಪದ ‘ಆಮಿ ಕೋಥಾಯ್ ಪಾಬೋ ತಾರೆ’ ರವೀಂದ್ರನಾಥರ ಮನಸ್ಸಿನಲ್ಲಿ ನಿಂತಿತು. 1905ರಲ್ಲಿ ಬ್ರಿಟಿಷರು ಬಂಗಾಳವನ್ನು ಒಡೆದಾಗ ಅದೇ ಮಟ್ಟಿನಲ್ಲಿ ಅವರು ಬರೆದ ಹೊಸ ಹಾಡೇ ‘ಆಮಾರ್ ಶೋನಾರ್ ಬಾಂಗ್ಲಾ’.

ಈಗ ಕೇಳುವ ವಿಷಯ. ಗಗನ್ ಅವರ ಪದವನ್ನು ಏಕತಾರಿ, ದೋತಾರ ಎಂಬ ತಂತಿವಾದ್ಯಗಳ ಜೊತೆ ಹಾಡಿದ ರೆಕಾರ್ಡಿಂಗ್ ಹುಡುಕಿ. ವಾದ್ಯದ ಗದ್ದಲ ಜಾಸ್ತಿ ಇದ್ದರೆ ಬೇಡ. ಬಂಗಾಳಿ ಅರ್ಥವಾಗದಿದ್ದರೂ ಚಿಂತೆಯಿಲ್ಲ, ಮಾತು ಬಿಟ್ಟು ಸುಮ್ನೆ ಗುನುಗಿ. ತೊಡೆಯ ಮೇಲೆ ಮೂರು ಮೂರರಂತೆ ಆರು ಮಾತ್ರೆ ತಟ್ಟಿ. ಅದೇ ದಾದ್ರಾ ತಾಳ. ಗುನುಗು ಬಾಯಲ್ಲಿ ಕೂರುವವರೆಗೆ ರಾಷ್ಟ್ರಗೀತೆಯನ್ನು ಮುಟ್ಟಬೇಡಿ.

ಆಮೇಲೆ ಅದನ್ನು ಒಬ್ಬರೇ ಹಾಡಿದ್ದನ್ನು ಹಾಕಿ. ಬ್ಯಾಂಡಿನದು ಕೊನೆಗಿರಲಿ, ಬಾವುಲ್ ಎಳೆತ ಅದರಲ್ಲಿ ಸಿಗುವುದು ಕಷ್ಟ. ಮೊದಲ ಸಾಲಿಗೇ ನಿಲ್ಲಿಸಿ, ನಿಮ್ಮ ಗುನುಗನ್ನು ಅದರ ಮೇಲೆ ಹೊಂದಿಸಿ ನೋಡಿ. ಎಲ್ಲ ಕಡೆ ಕೂಡುವುದಿಲ್ಲ. ಎಲ್ಲಿ ಬೇರೆಯಾಯಿತೋ ಅಲ್ಲಿ ಪೆನ್ಸಿಲ್ಲಿನಿಂದ ಗುರುತು ಮಾಡಿ. ಟಾಗೋರರು ತಮ್ಮ ಕೈ ಎಲ್ಲಿ ಆಡಿಸಿದ್ದಾರೆ ಎಂದು ಆ ಗುರುತುಗಳೇ ತೋರಿಸುತ್ತವೆ. ನನಗೆ ಇಡೀ ಪಾಠದಲ್ಲಿ ಅತಿ ಇಷ್ಟದ ಭಾಗ ಇದು. ಅವಸರ ಮಾಡಬೇಡಿ ಮಾರಾಯ್ರೆ.

‘ಹಾಗಾದ್ರೆ ಇದು ಕಾಪಿ ಅಲ್ವಾ?’ ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಯಕ್ಷಗಾನದಲ್ಲಿ ಒಂದೇ ಮಟ್ಟಿನಲ್ಲಿ ಬೇರೆ ಬೇರೆ ಪ್ರಸಂಗದ ಪದ್ಯ ಬರುವುದನ್ನು ನೆನಪಿಸಿ. ಗಗನ್ ಅವರ ಪದವನ್ನು ಟಾಗೋರರು ಮುಚ್ಚಿಡಲೂ ಇಲ್ಲ. 1915ರಲ್ಲಿ ‘ಪ್ರಬಾಸಿ’ ಪತ್ರಿಕೆಯಲ್ಲಿ ತಾವೇ ಅದನ್ನು ಅಚ್ಚು ಹಾಕಿಸಿದರು.

ಶಾಲೆಯ ಕಾರ್ಯಕ್ರಮದಲ್ಲಿ ಹಾಡಿಸುವುದಾದರೆ ಮೊದಲ ಹತ್ತು ಸಾಲು ಸಾಕು. 1972ರಲ್ಲಿ ರಾಷ್ಟ್ರಗೀತೆ ಎಂದು ಒಪ್ಪಿದ್ದು ಅಷ್ಟನ್ನೇ. ಹಾಡುವ ಮೊದಲು ಮೈಕಿನಲ್ಲಿ ಇಬ್ಬರ ಹೆಸರನ್ನೂ ಹೇಳಿಸಿ. ಗಗನ್ ಹರ್ಕರಾ ಅವರದು ಮೊದಲು ಬರಲಿ.