ಖರ್ಚಿನ ಪಟ್ಟಿಯಿಂದ ರೇಡಿಯೋ ನಾಟಕ ಕಲಿತೆ

ರೇಡಿಯೋ ನಾಟಕ ಬರೆಯಲು ಕೂತಾಗ ನನ್ನನ್ನು ಜಾಸ್ತಿ ಕಾಡಿದ್ದು ದೃಶ್ಯ ಬದಲಾವಣೆ. ಪರದೆ ಇಲ್ಲ, ಬೆಳಕಿಲ್ಲ. ಪಾತ್ರ ಬೇರೆ ಊರಿಗೆ ಹೋಯಿತು ಅಂತ ಕೇಳುಗರಿಗೆ ಹೇಗೆ ಗೊತ್ತಾಗಬೇಕು? ಇದಕ್ಕೆ ದಾರಿ ತೋರಿಸಿದ್ದು ಅಮೆರಿಕದ ಸಿಬಿಎಸ್ ರೇಡಿಯೋದ ಪತ್ತೇದಾರಿ ಸರಣಿ 'ಯುವರ್ಸ್ ಟ್ರೂಲಿ, ಜಾನಿ ಡಾಲರ್'. 1949ರಲ್ಲಿ ಶುರುವಾದ ಇದು 1962ರ ಸೆಪ್ಟೆಂಬರ್ 30ರಂದು ಮುಗಿಯಿತು.

ಜಾನಿ ಡಾಲರ್ ವಿಮಾ ಕಂಪನಿಗಳ ಪರ ತನಿಖೆ ಮಾಡುವವನು. ಇರುವುದು ಹಾರ್ಟ್‌ಫರ್ಡ್‌ನಲ್ಲಿ, ವಿಮಾ ಕಂಪನಿಗಳಿಗೇ ಹೆಸರಾದ ಊರು. ಪ್ರತಿ ಕಥೆಯೂ ಅವನು ಕಂಪನಿಗೆ ಕೊಡುವ ಖರ್ಚಿನ ಪಟ್ಟಿ. ಒಂದನೇ ಖರ್ಚು, ವಿಮಾನದ ಟಿಕೆಟ್. ಎರಡನೇದು, ಟ್ಯಾಕ್ಸಿ. ಅಷ್ಟು ಹೇಳುವಷ್ಟರಲ್ಲಿ ನಾವು ಸತ್ತವನ ಮನೆ ಬಾಗಿಲಲ್ಲಿರುತ್ತೇವೆ. ಊರು ಬದಲಾಯಿತು, ಹೊತ್ತು ಸರಿಯಿತು, ಅವನ ಸ್ವಭಾವವೂ ಗೊತ್ತಾಯಿತು. ಎಷ್ಟು ಚೆನ್ನಾಗಿದೆ ಅಲ್ವಾ!

ಹಲವು ನಟರು ಈ ಪಾತ್ರ ಮಾಡಿದ್ದಾರೆ. ನಾನು ಹಿಡಿದದ್ದು ಬಾಬ್ ಬೈಲಿಯನ್ನು. 1955ರ ಅಕ್ಟೋಬರ್‌ನಿಂದ ಸುಮಾರು ಒಂದು ವರ್ಷ, ಜ್ಯಾಕ್ ಜಾನ್‌ಸ್ಟೋನ್ ನಿರ್ದೇಶನದಲ್ಲಿ, ಒಂದೊಂದು ಕಥೆ ವಾರಕ್ಕೆ ಐದು ದಿನ, ದಿನಕ್ಕೆ ಕಾಲು ಗಂಟೆಯಂತೆ ಬರುತ್ತಿತ್ತು. ಇಡೀ ಸರಣಿಯಲ್ಲಿ ಇದಕ್ಕಿಂತ ಒಳ್ಳೆಯ ಭಾಗ ಇಲ್ಲ ಅಂತ ನನ್ನ ಗಟ್ಟಿ ಅಭಿಪ್ರಾಯ. ಅರ್ಧ ಗಂಟೆಯ ಕಂತುಗಳಲ್ಲಿ ಕಥೆ ಓಡುತ್ತಲೇ ಇರುತ್ತದೆ. ಇಲ್ಲಿ ಹೋಟೆಲ್ ಗುಮಾಸ್ತನಿಗೂ ಎರಡು ಮಾತಾಡಲು ಸಮಯವಿದೆ. ಬೈಲಿಯ ದನಿಯಲ್ಲಿ ಸುಸ್ತು, ಸಿಟ್ಟು, ಕನಿಕರ ಎಲ್ಲಾ ಸಿಗುತ್ತವೆ.

ನೋಟ್‌ಬುಕ್‌ನಲ್ಲಿ ಮೂರು ಸಾಲು ಮಾಡಿಕೊಂಡೆ: ಮಾತು, ಸದ್ದು, ಸಂಗೀತ. ಮೊದಲ ಸಲ ಸುಮ್ನೆ ಕೇಳಿದೆ. ಆಮೇಲೆ ನಿಲ್ಲಿಸಿ ನಿಲ್ಲಿಸಿ ಬರೆದುಕೊಂಡೆ. ಸದ್ದಿನ ಸಾಲು ಬಹುಪಾಲು ಖಾಲಿ ಉಳಿಯಿತು! ಫೋನ್ ರಿಂಗು, ಬಾಗಿಲು, ಹೆಜ್ಜೆ, ಹೆಚ್ಚಿನ ಕಡೆ ಇಷ್ಟೇ. ಉಳಿದದ್ದೆಲ್ಲ ಮಾತಿನಲ್ಲೇ ಕಾಣುತ್ತದೆ.

ನನ್ನ ನಾಟಕದ ನಾಯಕ ಅಪಘಾತದ ಕ್ಲೇಮ್ ಪರಿಶೀಲಿಸುವ ಸರ್ವೇಯರ್. ಅವನು ಗ್ಯಾರೇಜಿಗೆ ಹೋಗುವ ಜಾಗದಲ್ಲಿ ಬರೆದದ್ದು ಇಷ್ಟು: "ಆಟೋ, 120 ರೂಪಾಯಿ. ಮೀಟರ್ ಹಾಕಲಿಲ್ಲ. ನಾನೂ ಕೇಳಲಿಲ್ಲ, ಅವಸರವಿತ್ತು." ಮುಂದಿನ ಸದ್ದು ಸುತ್ತಿಗೆಯದು. ಕೇಳಿದ ಗೆಳೆಯರು ಯಾರೂ 'ಈಗ ಎಲ್ಲಿದ್ದಾನೆ?' ಅಂತ ಕೇಳಲಿಲ್ಲ.

ರೆಕಾರ್ಡ್ ಮಾಡಿದ್ದು ಫೋನಿನಲ್ಲೇ, ಗೋಡೆಗೆ ದಪ್ಪ ರಗ್ಗು ನೇತುಹಾಕಿ. ಲೆಕ್ಕ ಹೇಳುವಾಗ ಮೈಕ್ ಬಾಯಿಗೆ ಹತ್ತಿರ, ದೃಶ್ಯದೊಳಗೆ ಮಾತಾಡುವಾಗ ಒಂದು ಮೊಳ ದೂರ. ಯಾವ ಎಫೆಕ್ಟ್ ಇಲ್ಲದೆಯೂ ನಿರೂಪಣೆ, ಸಂಭಾಷಣೆ ಬೇರೆ ಬೇರೆಯಾಗಿ ಕೇಳುತ್ತವೆ.

ಶುರು ಮಾಡುವವರಿಗೆ ಬೈಲಿಯ ಮೊದಲ ಕಥೆ 'ದಿ ಮ್ಯಾಕಾರ್ಮ್ಯಾಕ್ ಮ್ಯಾಟರ್' ಸಾಕು. ಐದೂ ಕಂತು ಸಾಲಾಗಿ ಕೇಳಿ. ಪ್ರತಿ ಕಂತಿನ ಕೊನೆಯ ಒಂದು ನಿಮಿಷವನ್ನು ಮಾತ್ರ ಇನ್ನೊಮ್ಮೆ ಕೇಳಿ, ಕಥೆಯನ್ನು ಎಲ್ಲಿ ತುಂಡರಿಸಿದ್ದಾರೆ ನೋಡಿ.